ಪಿಕ್ಚರ್ ಹೆಂಗೈತೆ?

ಮಧುಗಿರಿ, ಶಿರಾ, ಕೊರಟಗೆರೆ ಕಡೆ ಸಿನಿಮಾ ನೋಡಿ ಬಂದವನಿಗೆ ಎದುರಾಗುವ ಮೊದಲ ಪ್ರಶ್ನೆ 'ಪಿಕ್ಚರ್ ಹೆಂಗೈತೆ?' ಎಂಬುದು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದಲ್ಲಿ ಅದೇ ಪ್ರಶ್ನೆ ತೆಲುಗಿನಲ್ಲೂ ಬರುತ್ತದೆ. ದಖನಿ ಮಾತನಾಡುವ ಮನೆಗಳಲ್ಲಿ 'ಕೈಸೀ ಥೀ?' ಎಂದಾಗುತ್ತದೆ. ಭಾಷೆ ಯಾವುದಾದರೂ ಕೇಳುವವನ ಉದ್ದೇಶ ಒಂದೇ. ತನ್ನ ದುಡ್ಡು ಮತ್ತು ಒಂದು ಸಂಜೆಯನ್ನು ಆ ಚಿತ್ರಕ್ಕಾಗಿ ಖರ್ಚು ಮಾಡಬಹುದೇ ಎಂದು ಅವನು ತಿಳಿಯಬೇಕಾಗಿದೆ. ಉತ್ತರ ಹೇಳುವವನು ತನಗೆ ಗೊತ್ತಿಲ್ಲದೆಯೇ ಒಬ್ಬ ಸಾಕ್ಷಿಯಾಗುತ್ತಾನೆ. ಕೋರ್ಟಿನ ಕಟಕಟೆ ಇಲ್ಲ, ಪ್ರಮಾಣವಚನವಿಲ್ಲ, ಇರುವುದು ಚಹಾದಂಗಡಿಯ ಬೆಂಚು ಮಾತ್ರ. ಆದರೂ ಅವನ ಮಾತನ್ನು ನಂಬಿ ಇನ್ನೊಬ್ಬ ನಡೆದುಕೊಳ್ಳುತ್ತಾನೆ. ಹಾಗಾದರೆ ಈ ಸಾಕ್ಷಿಗೆ ಏನಾದರೂ ಹೊಣೆ ಇದೆಯೇ?

ಸಿನಿಮಾ ಅಭಿಮಾನಿಗಳ ಮಾತನ್ನು ಗಮನವಿಟ್ಟು ಕೇಳಿದರೆ ಅದರಲ್ಲಿ ಮೂರು ಬಗೆಯ ವಾಕ್ಯಗಳು ಕಾಣಸಿಗುತ್ತವೆ. ಮೊದಲನೆಯದು, 'ನನಗೆ ಹಿಡಿಸಿತು'. ಎರಡನೆಯದು, 'ಚಿತ್ರ ಚೆನ್ನಾಗಿದೆ'. ಮೂರನೆಯದು, 'ಲೋಕದಲ್ಲಿ ನಡೆಯುತ್ತಿರುವುದೇ ಹೀಗೆ, ಸರಿಯಾಗಿ ತೋರಿಸಿದ್ದಾನೆ'. ಒಂದೇ ಉಸಿರಿನಲ್ಲಿ ಹೇಳಿಬಿಡುವುದರಿಂದ ಈ ಮೂರೂ ಒಂದೇ ಎಂಬ ಭ್ರಮೆ ನಮಗಿದೆ. ಆದರೆ ಒಂದೊಂದು ವಾಕ್ಯದ ಭಾರವೂ ಬೇರೆ.

ಮೊದಲನೆಯ ವಾಕ್ಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪಾವಗಡದ ಯುವಕನೊಬ್ಬನಿಗೆ ತೆಲುಗು ಚಿತ್ರ ಇಷ್ಟವಾದರೆ ಅವನ ಕನ್ನಡತನ ಕಡಿಮೆಯಾಗುವುದಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟುಪಾಡು ನಮ್ಮಲ್ಲಿ ದಶಕಗಳ ಕಾಲ ನಡೆಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿತು. ಕನ್ನಡ ಚಿತ್ರರಂಗದ ಬದುಕಿನ ಪ್ರಶ್ನೆ ಅಂದಿನ ವಾದದಲ್ಲಿ ಇದ್ದದ್ದು ನಿಜ, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಯಾವುದನ್ನು ಕಾಪಾಡಬೇಕು ಎಂಬುದು ಬೇರೆ, ಯಾವುದು ಮನಸ್ಸಿಗೆ ಹಿಡಿಸಬೇಕು ಎಂಬುದು ಬೇರೆ. ಎರಡನೆಯದನ್ನು ಯಾವ ಮಂಡಳಿಯೂ ಗೊತ್ತುಮಾಡಲಾರದು.

ಎರಡನೆಯ ವಾಕ್ಯದಲ್ಲಿ ಹೊಣೆ ಶುರುವಾಗುತ್ತದೆ. 'ಚೆನ್ನಾಗಿದೆ' ಎನ್ನುವಾಗ ನಾವು ನಮ್ಮ ಬಗ್ಗೆಯಲ್ಲ, ಚಿತ್ರದ ಬಗ್ಗೆ ಹೇಳುತ್ತಿದ್ದೇವೆ. ಇಲ್ಲಿ ನಿಷ್ಠೆ ಅಡ್ಡ ಬರುತ್ತದೆ. ನಮ್ಮ ಹೀರೋ, ನಮ್ಮ ಜಾತಿಯವನು, ನಮ್ಮ ಧರ್ಮದವನು, ನಮ್ಮ ಊರಿನವನು ಎಂಬ ಕಾರಣಕ್ಕೆ ಹೊಗಳುವುದು ಅಭಿಪ್ರಾಯವಲ್ಲ, ಹಾಜರಿ ಹಾಕುವುದು. ಬರಗೂರು ರಾಮಚಂದ್ರಪ್ಪನವರು ಶಿರಾ ತಾಲೂಕಿನ ಬರಗೂರಿನವರು. ಒಬ್ಬಳೇ ನಟಿಯನ್ನಿಟ್ಟು 'ಶಾಂತಿ' ಎಂಬ ಚಿತ್ರವನ್ನು ನಿರ್ದೇಶಿಸಿದವರು. ನಮ್ಮ ತಾಲೂಕಿನವರೆಂದು ಶಿರಾದವರು ಹೆಮ್ಮೆಪಡಲಿ. ಆದರೆ ಅಂಥ ನಿರ್ದೇಶಕನಿಗೆ ಊರಿನವರು ಕೊಡಬಹುದಾದ ದೊಡ್ಡ ಗೌರವ ಚಪ್ಪಾಳೆಯಲ್ಲ. ಚಿತ್ರವನ್ನು ಕುಳಿತು ನೋಡಿ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂದು ಹೇಳುವುದೇ ಆ ಗೌರವ.

ಮೂರನೆಯ ವಾಕ್ಯವೇ ಅಪಾಯದ್ದು. ಅದು ಚಿತ್ರವನ್ನು ದಾಟಿ, ಥಿಯೇಟರಿನ ಹೊರಗಿರುವ ಜನರ ಮೇಲೆ ತೀರ್ಪು ಕೊಡುತ್ತದೆ. 2025ರ ಫೆಬ್ರವರಿಯಲ್ಲಿ ಹಿಂದಿಯ 'ಛಾವಾ' ತೆರೆಕಂಡಿತು. ಮರುತಿಂಗಳು ಮಧ್ಯಪ್ರದೇಶದ ಬುರ್ಹಾನ್‌ಪುರದ ಹತ್ತಿರ, ಅಸೀರ್‌ಗಢ ಕೋಟೆಯ ಬಳಿಯ ಹೊಲಗಳಲ್ಲಿ ಜನ ರಾತ್ರಿ ಹೊತ್ತು ಬೆಳಕು ಹಿಡಿದು ಮೊಘಲರ ಚಿನ್ನಕ್ಕಾಗಿ ನೆಲ ಅಗೆದ ಸುದ್ದಿ ಬಂತು. ಓದಿದವರು ನಕ್ಕರು. ಆದರೆ ಶಿರಾದ ಜನ ನಗುವ ಮೊದಲು ಒಂದು ಗಳಿಗೆ ಯೋಚಿಸಬೇಕು. ಅದೂ ಮೊಘಲರ ಸುಬೆಯ ಕೇಂದ್ರವಾಗಿದ್ದ ಊರೇ. ಪರದೆಯ ಮಾತನ್ನು ನಂಬಿ ಮಣ್ಣು ಅಗೆದರೆ ಹೋಗುವುದು ಒಬ್ಬ ರೈತನ ಹೊಲ. ಅದೇ ನಂಬಿಕೆಯಲ್ಲಿ ನೆರೆಯವನ ಎದೆಯನ್ನು ಅಗೆಯಹೊರಟರೆ ಹೋಗುವುದು ಊರಿನ ನೆಮ್ಮದಿ.

'ದಿ ಕೇರಳ ಸ್ಟೋರಿ' 2023ರಲ್ಲಿ ಬಂತು. ಕೇರಳದ 32,000 ಯುವತಿಯರು ಮತಾಂತರಗೊಂಡರೆಂಬ ಸಂಖ್ಯೆಯನ್ನು ಮೊದಲು ಟೀಸರಿನಲ್ಲೇ ಹಾರಿಬಿಡಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ, ಆ ಸಂಖ್ಯೆಗೆ ಅಧಿಕೃತ ದಾಖಲೆಯಿಲ್ಲ, ಚಿತ್ರ ಕಾಲ್ಪನಿಕ ರೂಪದ್ದು ಎಂಬ ಒಕ್ಕಣೆಯನ್ನು ಚಿತ್ರದಲ್ಲಿ ಹಾಕಲು ನಿರ್ಮಾಪಕರು ಒಪ್ಪಬೇಕಾಯಿತು. ಆದರೆ ಒಕ್ಕಣೆ ನಿಲ್ಲುವುದು ಪರದೆಯ ಮೇಲೆ, ಸಂಖ್ಯೆ ಓಡಾಡುವುದು ನಾಲಿಗೆಯ ಮೇಲೆ. 'ಪಿಕ್ಚರ್ ಹೆಂಗೈತೆ?' ಎಂದು ಕೇಳಿದವನಿಗೆ 'ಹಾಡು ಸಾಧಾರಣ, ನಟನೆ ಪರವಾಗಿಲ್ಲ' ಎಂದು ಹೇಳಿ ಮುಗಿಸಬಹುದಿತ್ತು. 'ಅವರೆಲ್ಲ ಹಂಗೇ' ಎಂದು ಹೇಳಿದರೆ ಅದು ಸಿನಿಮಾದ ಅಭಿಪ್ರಾಯವಲ್ಲ, ಸಾಕ್ಷ್ಯವಿಲ್ಲದ ಆರೋಪ.

ಇಷ್ಟು ಹೇಳಿ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ನೋಡಿ ತಪ್ಪು ಹೇಳುವುದು ಒಂದಾದರೆ, ನೋಡದೆಯೇ ತೀರ್ಪು ಹೇಳುವುದು ಇನ್ನೊಂದು. ಈ ಎರಡನೆಯ ದೋಷದಿಂದ ಮುಸ್ಲಿಮರಾದ ನಾವೂ ಹೊರಗಿಲ್ಲ. 2024ರ ಜೂನ್‌ನಲ್ಲಿ 'ಹಮಾರೆ ಬಾರಹ್' ಚಿತ್ರದ ವಿರುದ್ಧ ದೂರುಗಳು ಬಂದಾಗ ಕರ್ನಾಟಕ ಸರಕಾರ ಅದಕ್ಕೆ ಎರಡು ವಾರಗಳ ತಡೆ ಹಾಕಿತು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳು ಬೇರೊಂದು ದಾರಿ ಹಿಡಿದರು. ಚಿತ್ರವನ್ನು ತಾವೇ ಕುಳಿತು ನೋಡಿ, ಕೆಲವು ಬದಲಾವಣೆಗಳೊಂದಿಗೆ ಬಿಡುಗಡೆಗೆ ಅನುಮತಿ ನೀಡಿದರು. ಅವರ ತೀರ್ಮಾನವನ್ನು ಒಪ್ಪಬಹುದು, ಬಿಡಬಹುದು. ಆದರೆ ಅವರ ಕ್ರಮ ಸರಿಯಾದದ್ದು. ನೋಡುವುದಿಲ್ಲ ಎನ್ನುವ ಹಕ್ಕು ಎಲ್ಲರಿಗೂ ಇದೆ. ನೋಡದ ಚಿತ್ರದಲ್ಲಿ ಇಂಥದ್ದಿದೆ ಎಂದು ಸಾರುವ ಹಕ್ಕು ಯಾರಿಗೂ ಇಲ್ಲ. ಟ್ರೇಲರ್ ಎಂಬುದು ಗಿರಾಕಿಯನ್ನು ಕರೆಯುವ ಕೂಗೇ ಹೊರತು ಅಂಗಡಿಯೊಳಗಿನ ಸರಕಲ್ಲ.

ಇದಕ್ಕಿಂತ ಕಷ್ಟದ ಪರೀಕ್ಷೆ ಒಳ್ಳೆಯ ಚಿತ್ರಗಳಿಂದ ಬರುತ್ತದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು. ಅಭಿನಯಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಸೀದಿಯ ಜಮಾಅತಿನ ಮುಂದೆ ನ್ಯಾಯ ಕೇಳುವ ಕಥೆ ಅದು. ಇಂಥ ಚಿತ್ರವನ್ನು ನೋಡಿದಾಗ ಎರಡು ಮಾತು ಸುಲಭವಾಗಿ ಬಾಯಿಗೆ ಬರುತ್ತವೆ. 'ನಮ್ಮವರ ಮಾನ ಕಳೆದರು' ಎಂಬುದು ಒಂದು, 'ಅವರ ಮನೆಗಳೆಲ್ಲ ಹೀಗೆಯೇ' ಎಂಬುದು ಇನ್ನೊಂದು. ಎದುರುಬದುರು ನಿಂತಂತೆ ಕಂಡರೂ ಎರಡರ ತಪ್ಪೂ ಒಂದೇ. ಒಬ್ಬ ಹಸೀನಾಳ ಕಥೆಯನ್ನು ಇಡೀ ಸಮುದಾಯದ ಕಥೆಯೆಂದು ಎರಡೂ ಓದುತ್ತವೆ. ಹೀಗೆ ಓದಿದಾಗ ಕಾಣೆಯಾಗುವವಳು ಹಸೀನಾಳೇ. ಅವಳು ಕೇಳಿದ ನ್ಯಾಯ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಶಿರಾದ ಮುಸ್ಲಿಂ ಮನೆಗೂ ಕೊರಟಗೆರೆಯ ಹಿಂದೂ ಮನೆಗೂ ಸಮಾನವಾಗಿ ಸಲ್ಲುತ್ತದೆ. ಹೆಂಡತಿಯನ್ನು ಬೀದಿಗೆ ಬಿಟ್ಟ ಗಂಡಂದಿರು ಒಂದೇ ಧರ್ಮದಲ್ಲಿ ಹುಟ್ಟಿಲ್ಲವಲ್ಲ.

'ಇದೆಲ್ಲ ಬರೀ ಮನರಂಜನೆ, ಹರಟೆಗೂ ಇಷ್ಟು ಲೆಕ್ಕವೇ?' ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಅಂಗಡಿಯಲ್ಲಿ ದುಡಿದವರಿಗೆ ಮೂರು ಗಂಟೆಯ ಸಿನಿಮಾ, ಆಮೇಲೆ ಅರ್ಧ ಗಂಟೆಯ ಹರಟೆ ಒಂದು ಬಿಡುಗಡೆ. ಅದನ್ನು ಪಂಚಾಯಿತಿಯಾಗಿಸಬೇಕಾಗಿಲ್ಲ. ಫೈಟು, ಹಾಡು, ಕಾಮಿಡಿಯ ಬಗ್ಗೆ ಎಷ್ಟು ಬೇಕಾದರೂ ಜಗಳವಾಡೋಣ. ಆ ಜಗಳಕ್ಕೆ ಒಂದು ಸೊಗಸಿದೆ, ಅದರಲ್ಲಿ ಅಬ್ದುಲ್ಲನೂ ರಂಗಪ್ಪನೂ ಒಂದೇ ಹೀರೋ ಪರ ನಿಂತು ಇನ್ನೊಬ್ಬ ಹೀರೋನ ಅಭಿಮಾನಿಯನ್ನು ಕಿಚಾಯಿಸಬಲ್ಲರು. ಧರ್ಮ ಕೇಳದೆ ಪಕ್ಷ ಕಟ್ಟುವ ಜಾಗ ನಮ್ಮ ಊರುಗಳಲ್ಲಿ ಬಹಳ ಉಳಿದಿಲ್ಲ. ಮೂರನೆಯ ವಾಕ್ಯವನ್ನು ಹಿಡಿತದಲ್ಲಿ ಇಡಬೇಕೆನ್ನುವುದು ಹರಟೆಯನ್ನು ಕೊಲ್ಲಲಿಕ್ಕಲ್ಲ, ಆ ಬೆಂಚನ್ನು ಉಳಿಸಿಕೊಳ್ಳಲಿಕ್ಕೆ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಸಿನಿಮಾ ಹುಟ್ಟುವ ಮುಂಚಿನದು. ಆದರೆ ಸಿನಿಮಾದಷ್ಟು ಅದಕ್ಕೆ ಹೊಂದುವ ವಸ್ತು ಬೇರೊಂದಿಲ್ಲ. ಕ್ಯಾಮೆರಾ ತೋರಿಸುವುದೆಲ್ಲ ಪ್ರತ್ಯಕ್ಷವೇ, ಆದರೆ ಯಾರೋ ಆರಿಸಿ, ಕತ್ತರಿಸಿ, ಜೋಡಿಸಿದ ಪ್ರತ್ಯಕ್ಷ. ಪ್ರಮಾಣಿಸಲು ದೊಡ್ಡ ಓದು ಬೇಡ. ಒಂದು ಮಾತು ಆಡುವ ಮೊದಲು ಎರಡು ಪ್ರಶ್ನೆ ಸಾಕು. ಇದನ್ನು ನಾನು ಪೂರ್ತಿ ನೋಡಿದ್ದೇನೆಯೇ? ಈ ಮಾತು ಯಾರ ಬಗ್ಗೆಯೋ, ಅವರು ಇದೇ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರೂ ಇದನ್ನು ಇದೇ ದನಿಯಲ್ಲಿ ಹೇಳುತ್ತಿದ್ದೆನೇ? ಎರಡಕ್ಕೂ ಹೌದು ಎನ್ನಬಲ್ಲವನ ಅಭಿಪ್ರಾಯ ಎಷ್ಟೇ ಖಾರವಾಗಿದ್ದರೂ ಕೇಳುವುದಕ್ಕೆ ಯೋಗ್ಯ.