ಅಜ್ಜಿಗೆ ಉಲ್ಲೇಖ ಎಲ್ಲಿಂದ ತರೋದು?

"ಸರ್, ಹಾಗಾದ್ರೆ ನಮ್ಮಜ್ಜಿ ಸುಳ್ಳು ಹೇಳ್ತಾರಾ?"

ರಾತ್ರಿ ಹನ್ನೊಂದಕ್ಕೆ ಬಂದ ಮೆಸೇಜು. ಕಳಿಸಿದ್ದು ಈಸೂರಿನ ಹುಡುಗಿ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕನ್ನಡ ವಿಕಿಪೀಡಿಯದಲ್ಲಿ ಬರೆಯೋದು ಹೇಗೆ ಅಂತ ನಾನು ಹೊಸಬರಿಗೆ ಹೇಳಿಕೊಡ್ತೀನಿ. ಅವತ್ತು ಬೆಳಗ್ಗೆ ಕಲಿತು ಹೋದವಳು ಸಂಜೆಗೇ ತನ್ನೂರಿನ ಲೇಖನಕ್ಕೆ ಒಂದು ಪ್ಯಾರಾ ಸೇರಿಸಿದ್ದಳು. ನಾನು ಎರಡೇ ನಿಮಿಷದಲ್ಲಿ ಅದನ್ನ ತೆಗೆದುಹಾಕಿ, ಕಾರಣದ ಜಾಗದಲ್ಲಿ 'ಉಲ್ಲೇಖವಿಲ್ಲ' ಅಂತ ಬರೆದಿದ್ದೆ.

ಶಿಕಾರಿಪುರ ತಾಲ್ಲೂಕಿನ ಈಸೂರು ಗೊತ್ತಲ್ಲ? 1942ರಲ್ಲಿ 'ಏಸೂರು ಕೊಟ್ಟರೂ ಈಸೂರು ಕೊಡೆವು' ಅಂತ ಸ್ವತಂತ್ರ ಘೋಷಿಸಿಕೊಂಡು, ಇಬ್ಬರು ಹುಡುಗರನ್ನೇ ಅಮಲ್ದಾರ್, ಸಬ್ ಇನ್ಸ್‌ಪೆಕ್ಟರ್ ಮಾಡಿದ ಊರು. ಸೆಪ್ಟೆಂಬರಿನಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಪೊಲೀಸರ ಜೊತೆ ಬಂದಾಗ ಘರ್ಷಣೆಯಾಗಿ ಆ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದರು.

ಅವಳ ಪ್ಯಾರಾದಲ್ಲಿ ಇದ್ಯಾವುದೂ ಇರಲಿಲ್ಲ. ಪೊಲೀಸರು ಮತ್ತೆ ಬಂದಾಗ ಮುತ್ತಜ್ಜಿ ಕಾಡಿಗೆ ಓಡಿ, ಕೂಸು ಅಳದಿರಲಿ ಅಂತ ಬಾಯಿಗೆ ಸೆರಗು ಒತ್ತಿ ರಾತ್ರಿಯೆಲ್ಲ ಕೂತಿದ್ದರಂತೆ. ಆ ಕೂಸೇ ಇವಳ ಅಜ್ಜಿ.

ನಿಯಮ ಸರಿಯಾಗಿಯೇ ಇದೆ. ಅಚ್ಚಾದ, ನಂಬಬಹುದಾದ ಮೂಲ ಬೇಕು; ಇಲ್ಲದಿದ್ದರೆ ವಾಟ್ಸಾಪಿಗೂ ವಿಶ್ವಕೋಶಕ್ಕೂ ಏನು ವ್ಯತ್ಯಾಸ? ಆದರೆ 1942ರಲ್ಲಿ ಕಾಗದ, ಶಾಯಿ, ಟೈಪಿಸ್ಟು ಎಲ್ಲ ಯಾರ ಹತ್ತಿರ ಇತ್ತು? ಗಲ್ಲಿಗೆ ಹಾಕಿದವರ ಹತ್ತಿರ. ಅವರ ತೀರ್ಪು ಇವತ್ತು ದಾಖಲೆ, ಓಡಿಹೋದವಳ ಮಾತು ಬರೀ ಕಥೆ. ಇದನ್ನ ತಟಸ್ಥ ನಿಲುವು ಅನ್ನೋಕೆ ನಂಗೆ ಬಾಯಿ ಬರಲ್ಲ.

ಹಾಗಂತ ಬಾಗಿಲು ತೆಗೆದುಬಿಡೋಣವಾ? ಸತ್ತ ಇಬ್ಬರೂ ಮೈಸೂರು ಸರ್ಕಾರದ ನೌಕರರು, ಬಿಳಿಯರಲ್ಲ. ಅವರ ಮನೆಯಲ್ಲೂ ಒಬ್ಬ ಅಜ್ಜಿ ಇರಬಹುದು, ಆಕೆಯ ಮೊಮ್ಮಗ ನಾಳೆ ನನ್ನ ತರಗತಿಗೇ ಬರಬಹುದು. ಇಬ್ಬರ ಕಣ್ಣೀರನ್ನ ತೂಗೋಕೆ ನನ್ನ ಹತ್ತಿರ ತಕ್ಕಡಿ ಇಲ್ಲ ಮಾರಾಯ್ರೆ. ಅದಕ್ಕೇ ಆ ಪ್ಯಾರಾ ಇವತ್ತೂ ಲೇಖನದಲ್ಲಿಲ್ಲ. ನಾನು ವಾಪಸ್ ಹಾಕಿಲ್ಲ, ಹಾಕೋದೂ ಇಲ್ಲ.

ನನ್ನ ತಪ್ಪು ಬೇರೆ. ಒಂದು ಗುಂಡಿ ಒತ್ತಿ ಅಳಿಸಿದೆ, ಆದರೆ ಒಂದು ಫೋನ್ ಮಾಡಲಿಲ್ಲ. ವಿಕಿಯಲ್ಲಿ ಎಲ್ಲರೂ ಕೂತು ಮಾತಾಡುವ ಪುಟಕ್ಕೆ 'ಅರಳಿಕಟ್ಟೆ' ಅಂತ ಹೆಸರು. ಕಟ್ಟೆ ಹತ್ತಿ ಬಂದ ಮನುಷ್ಯನನ್ನ ಮಾತಾಡಿಸದೇ ಇಳಿಸ್ತಾರಾ ಯಾರಾದ್ರೂ?

ಮರುದಿನ ಫೋನ್ ಮಾಡಿದೆ. "ಸುಳ್ಳು ಅಂತ ನಾನು ಹೇಳಲಿಲ್ಲ, ಎಲ್ಲೂ ಅಚ್ಚಾಗಿಲ್ಲ ಅಂದೆ. ಅಚ್ಚು ಮಾಡಿಸೋಣ. ಮೊದಲು ಅಜ್ಜಿ ಹೇಳೋದನ್ನ ರೆಕಾರ್ಡ್ ಮಾಡಿ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಜ್ಜಿಗೆ ಎಂಬತ್ತು ದಾಟಿದೆ ಸರ್," ಅಂದಳು.

ದೀಪಾವಳಿಗೆ ಊರಿಗೆ ಹೋದವಳು ನಲವತ್ತು ನಿಮಿಷದ ಆಡಿಯೋ ಕಳಿಸಿದ್ದಾಳೆ. ಮೊದಲ ಕಾಲು ಗಂಟೆ ಪೂರ್ತಿ ಸೊಸೆ ಮೇಲಿನ ದೂರು. ಇನ್ನೂ ಕೇಳ್ತಾ ಇದ್ದೀನಿ.