‘ಡೊಸೈಲ್’ ಎಂಬ ಮಾತಿನ ಅರ್ಥ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ನಮ್ಮ ಮಕ್ಕಳು ಇಂಗ್ಲಿಷ್ ಪಾಠದಲ್ಲಿ ‘ಡೊಸೈಲ್’ ಎಂಬ ಗುಣವಾಚಕವನ್ನು ಕಂಡು ಅರ್ಥ ಕೇಳಿದರೆ, ಹೇಳಿದಂತೆ ಕೇಳುವ ಸ್ವಭಾವದವನೆಂದು ನಾವು ಹೇಳಿಬಿಡುತ್ತೇವೆ. ಹಾಯದೆ, ಒದೆಯದೆ ಹಾಲು ಕೊಡುವ ಆಕಳನ್ನು ನಾವು ಸಾಧು ಎನ್ನುತ್ತೇವಷ್ಟೇ. ಇಂಗ್ಲಿಷರು ಅಂಥ ದನಕ್ಕೂ ಇದೇ ಮಾತನ್ನು ಹಚ್ಚುತ್ತಾರೆ. ಆದರೆ ಇದರ ಬೇರು ಲತೀನ್ ಭಾಷೆಯಲ್ಲಿರುವದು. ಅಲ್ಲಿ ‘ದೊಕೇರೆ’ ಅಂದರೆ ಕಲಿಸುವದು. ‘ದೊಕಿಲಿಸ್’ ಅಂದರೆ ಸುಲಭವಾಗಿ ಕಲಿಯತಕ್ಕವನು. ಡಾಕ್ಟರ್ ಎಂಬ ಹೆಸರೂ ಅದೇ ಬೇರಿನದು. ವೈದ್ಯನಿಗೆ ಸಲ್ಲುವದಕ್ಕೆ ಮೊದಲು ಅದು ಬೋಧಕನಿಗೆ ಸಲ್ಲುತ್ತಿತ್ತು. ಈಗಲಾದರೋ ಬೆಳೆದ ಮನುಷ್ಯನನ್ನು ಡೊಸೈಲ್ ಎಂದರೆ ಅದರಲ್ಲಿ ಹೊಗಳಿಕೆಗಿಂತ ಹೀಯಾಳಿಕೆಯೇ ಹೆಚ್ಚು.

ಹಾಗಾದರೆ ಸಾಲದ ಕಾಗದವನ್ನು ಓದಿಸಿ ಕೇಳದೆ ಹೆಬ್ಬೆಟ್ಟೊತ್ತುವವನು ಮೂಲಾರ್ಥದಲ್ಲಿ ಈ ಹೆಸರಿಗೆ ತಕ್ಕವನೋ? ಅಲ್ಲ, ಅವನು ಅಂಜಿದವನು. ಬಡ್ಡಿಯ ಲೆಕ್ಕವನ್ನು ಎರಡು ಸಾರಿ ಕೇಳಿ ತಿಳಿದುಕೊಳ್ಳುವವನೇ ತಕ್ಕವನು. ಮೋಶೆಯು ಬಹು ಸಾತ್ವಿಕನೆಂದು ಹೆಸರಾದವನು. ಫರೋಹನ ಮುಂದೆ ನಿಂತು ತನ್ನ ಜನರ ಬಿಡುಗಡೆಯನ್ನು ಕೇಳಿದವನೂ ಅವನೇ. ದೂರದ ಮಾತೇಕೆ? ನಮ್ಮ ನೆರೆಯ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಕಾಯ್ದೆಯನ್ನು ಮುರಿದವರನ್ನು ಹಟಮಾರಿಗಳೆನ್ನೋಣವೋ, ವಿಧೇಯರೆನ್ನೋಣವೋ? ಕೈಯೆತ್ತದೆ ನಿಲ್ಲುವ ಸತ್ಯಾಗ್ರಹದ ಮಾರ್ಗವನ್ನು ಅವರು ಕಲಿತರು. ಆ ಕಾಯ್ದೆಗೆ ಮಾತ್ರ ತಲೆಬಾಗಲಿಲ್ಲ.