ಹರಡುಗಂಟಿನವರೆಗಿನ ನೀರು

ಮದೀನದ ಹೊರವಲಯದಲ್ಲಿ ಕಪ್ಪು ಕಲ್ಲುಗಳ ಬಯಲೊಂದಿದೆ. ಅದನ್ನು ಹರ್ರಾ ಎನ್ನುತ್ತಾರೆ. ಮಳೆ ಸುರಿದಾಗ ಅಲ್ಲಿಂದ ಇಳಿದು ಬರುವ ನೀರು ಕಾಲುವೆಗಳ ಮೂಲಕ ಖರ್ಜೂರದ ತೋಟಗಳಿಗೆ ಹಾಯುತ್ತಿತ್ತು. ಪ್ರವಾದಿವರ್ಯರ(ಸ) ಸೋದರತ್ತೆಯ ಮಗನಾದ ಹ. ಝುಬೈರ್(ರ)ರ ತೋಟ ಮೇಲ್ಭಾಗದಲ್ಲಿತ್ತು. ಅನ್ಸಾರಿಗಳಲ್ಲೊಬ್ಬರ ತೋಟ ಅದರ ಕೆಳಗಿತ್ತು. ನೀರನ್ನು ತಡೆಯದೆ ಹರಿಯಲು ಬಿಡಿ ಎಂದು ಕೆಳಗಿನವರು ಕೇಳಿದರು, ಝುಬೈರ್ ಒಪ್ಪಲಿಲ್ಲ. ವ್ಯಾಜ್ಯವು ಪ್ರವಾದಿವರ್ಯರ(ಸ) ಮುಂದೆ ಬಂತು. ನಿನ್ನ ತೋಟಕ್ಕೆ ಹಾಯಿಸಿಕೊಂಡು ಬಳಿಕ ನೆರೆಯವನಿಗೆ ಬಿಡು ಎಂದು ಅವರು ಝುಬೈರ್‌ಗೆ ಹೇಳಿದರು. ಆ ಅನ್ಸಾರಿ ಕೋಪಗೊಂಡು, ಅವರು ನಿಮ್ಮ ಅತ್ತೆಯ ಮಗನೆಂದು ಈ ತೀರ್ಪೇ ಎಂದುಬಿಟ್ಟರು. ಪ್ರವಾದಿವರ್ಯರ(ಸ) ಮುಖದ ಬಣ್ಣ ಬದಲಾಯಿತು. ಆಗ ಅವರು ಝುಬೈರ್‌ಗೆ ಪೂರ್ಣ ಹಕ್ಕನ್ನೇ ಕೊಟ್ಟರು: ನೀರು ಬದುವಿನ ಬುಡ ಮುಟ್ಟುವವರೆಗೆ ನಿಲ್ಲಿಸಿಕೋ, ಆಮೇಲೆ ಬಿಡು.

ಬುಖಾರಿಯಲ್ಲಿರುವ ಈ ಘಟನೆಯನ್ನು ನಮ್ಮಲ್ಲಿ ಅನೇಕರು ಪ್ರವಚನಗಳಲ್ಲಿ ಕೇಳಿದ್ದಾರೆ. ಪ್ರವಾದಿಯ ತೀರ್ಪಿಗೆ ಮನಸಾರೆ ತಲೆಬಾಗಬೇಕು ಎಂಬ ಪಾಠಕ್ಕಾಗಿ ಇದನ್ನು ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಇದರಲ್ಲಿ ನೀರಿನ ಬಗ್ಗೆಯೂ ಒಂದು ಮಾತಿದೆ, ಅದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಮೊದಲ ತೀರ್ಪು ಔದಾರ್ಯವನ್ನು ಕೋರಿತ್ತು, ಎರಡನೆಯದು ಹಕ್ಕನ್ನು ಪೂರ್ತಿಯಾಗಿ ಕೊಟ್ಟಿತು. ಹಾಗೆ ಪೂರ್ತಿಯಾಗಿ ಕೊಟ್ಟ ಹಕ್ಕು ಎಷ್ಟು? ಜನರು ಆಮೇಲೆ ಅದನ್ನು ಅಳೆದು ನೋಡಿದರಂತೆ. ನಿಂತ ನೀರು ಮನುಷ್ಯನ ಹರಡುಗಂಟಿನವರೆಗೆ ಬಂತು. ವುಝೂ ಮಾಡುವಾಗ ನಾವು ಕಾಲು ತೊಳೆಯುವುದೂ ಅಲ್ಲಿಯವರೆಗೇ. ಮೇಲಿನ ಹೊಲದವನ ಹಕ್ಕು ಎಷ್ಟೇ ಗಟ್ಟಿಯಾದರೂ ಅದು ಅಲ್ಲಿಗೆ ಮುಗಿಯುತ್ತದೆ. ಅದರಾಚೆಯ ನೀರು ಕೆಳಗಿನವನದು.

ಈ ವಿಷಯ ನನ್ನನ್ನು ಕಾಡತೊಡಗಿದ್ದಕ್ಕೆ ಕಾರಣ ಒಂದು ಮಸೀದಿ. ಬಯಲುಸೀಮೆಯ ಆ ಊರಿನಲ್ಲಿ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಬೇಸಿಗೆಯಲ್ಲಿ ಹೌಝ್ ತುಂಬುತ್ತಿರಲಿಲ್ಲವಾದ್ದರಿಂದ ಜಮಾಅತಿನವರು ಚಂದಾ ಎತ್ತಿ ಬೋರ್‌ವೆಲ್ ಕೊರೆಸಿದರು. ಒಳ್ಳೆಯ ನೀರು ಬಂತು. ದುಆ ಆಯಿತು, ಸಿಹಿ ಹಂಚಿದೆವು. ಮಸೀದಿಯ ಹಿಂದಿನ ಹೊಲದಲ್ಲಿ ಒಬ್ಬ ಹಿರಿಯ ರೈತರ ತೆರೆದ ಬಾವಿಯಿತ್ತು. ಅವರು ನಮ್ಮ ಧರ್ಮದವರಲ್ಲ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಬಾವಿ ಒಣಗಿತು. ಅವರು ಜಗಳಕ್ಕೆ ಬರಲಿಲ್ಲ. ಒಂದು ಸಂಜೆ ದಾರಿಯಲ್ಲಿ ಸಿಕ್ಕಾಗ, “ಮೇಷ್ಟ್ರೇ, ದೇವರ ಮನೆಗೆ ನೀರು ತಗೋಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಆದರೆ ನನ್ನ ದನಕ್ಕೆ ಏನು ಕುಡಿಸಲಿ?” ಎಂದಷ್ಟೇ ಕೇಳಿದರು.

ಆ ರಾತ್ರಿ ನಾನು ಕಿತಾಬುಗಳನ್ನು ತೆರೆದೆ. ಉತ್ತರ ಸುಲಭವಾಗಿ ಸಿಕ್ಕಿತು, ಅದೇ ನನ್ನನ್ನು ಇನ್ನಷ್ಟು ಕಂಗೆಡಿಸಿತು. ಪಾಳು ಭೂಮಿಯಲ್ಲಿ ಬಾವಿ ತೋಡಿದವನಿಗೆ ಅದರ ಸುತ್ತ ಹರೀಮ್ ಎಂಬ ಕಾಪಿನ ನೆಲವಿದೆ. ಜಾನುವಾರುಗಳಿಗೆ ನೀರುಣಿಸುವ ಬಾವಿಗೆ ಅದು 40 ಮೊಳ. ಆ ಎಲ್ಲೆಯೊಳಗೆ ಇನ್ನೊಬ್ಬ ತೋಡುವಂತಿಲ್ಲ. ಎಲ್ಲೆಯ ಹೊರಗೆ ಒಬ್ಬ ತೋಡಿ, ಮೊದಲ ಬಾವಿಯ ನೀರು ಅತ್ತ ಹೋಗಿಬಿಟ್ಟರೆ ಹನಫೀ ಕರ್ಮಶಾಸ್ತ್ರದ ಪ್ರಕಾರ ಅವನ ಮೇಲೆ ಪರಿಹಾರದ ಹೊಣೆಯಿಲ್ಲ. ಏಕೆಂದರೆ ನೆಲದೊಳಗಿನ ನೀರು ಯಾರ ಸೊತ್ತೂ ಅಲ್ಲ. ನಮ್ಮ ದೇಶದ ಕಾನೂನೂ ಬಹಳ ಕಾಲ ಇದೇ ಜಾಡಿನಲ್ಲಿತ್ತು. 1882ರ ಈಸ್‌ಮೆಂಟ್ ಕಾಯ್ದೆಯು ತನ್ನ ಜಮೀನಿನ ಕೆಳಗೆ ಗೊತ್ತಾದ ಹರಿವಿಲ್ಲದೆ ಇರುವ ನೀರನ್ನು ತೆಗೆದುಕೊಳ್ಳುವ ಹಕ್ಕನ್ನು ಜಮೀನಿನ ಒಡೆಯನಿಗೆ ಕೊಟ್ಟಿದೆ. ಅಂದರೆ ಮಸೀದಿಯ ಮೇಲೆ ಕಾನೂನಿನ ತಪ್ಪಿಲ್ಲ, ಕಿತಾಬಿನ ತಪ್ಪೂ ಇಲ್ಲ. ಹಾಗಾದರೆ ಆ ರೈತರ ಪ್ರಶ್ನೆಗೆ ನನ್ನ ಬಳಿ ಉತ್ತರ ಏಕಿರಲಿಲ್ಲ?

ನಮ್ಮ ಇಮಾಮರು ಆ 40 ಮೊಳಗಳನ್ನು ಹೇಳಿದ ಕಾಲದಲ್ಲಿ ನೀರನ್ನು ಮೇಲೆತ್ತುತ್ತಿದ್ದುದು ಮನುಷ್ಯನ ತೋಳು, ಇಲ್ಲವೇ ಒಂಟೆಯ ಹೆಗಲು. ಚರ್ಮದ ಚೀಲದಲ್ಲಿ ದಿನವಿಡೀ ಸೇದಿದರೂ ನೆರೆಯವನ ಬಾವಿ ಬತ್ತುವುದು ಅಪರೂಪ. ಯಾಂತ್ರಿಕ ಪಂಪು ಅವರ ಮುಂದಿರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಮಿಕ್ಕಿ ಕೊರೆದ ಬೋರ್‌ವೆಲ್‌ಗಳಿವೆ. ಅಷ್ಟು ಆಳದಿಂದ ಎತ್ತುವ ಯಂತ್ರಕ್ಕೆ 40 ಮೊಳ ಎಲ್ಲಿಯ ಲೆಕ್ಕ? ಮೊಳವನ್ನು ಹಿಡಿದುಕೊಂಡು, ಆ ಮೊಳ ಯಾವುದಕ್ಕಾಗಿ ಇತ್ತೋ ಅದನ್ನು ಬಿಟ್ಟರೆ ನಾವು ವಿದ್ವಾಂಸರಿಗೆ ನ್ಯಾಯ ಸಲ್ಲಿಸಿದಂತಾಗದು. ಇನ್ನೊಬ್ಬನಿಗೆ ಹಾನಿ ಮಾಡಕೂಡದು, ಹಾನಿಗೆ ಹಾನಿಯನ್ನು ಮರಳಿಸಲೂ ಕೂಡದು ಎಂಬ ಪ್ರವಾದಿವಚನದ ಆಶಯವೇ ಆ ಮೊಳದ ಹಿಂದೆ ಇರುವುದು.

ಇನ್ನೊಂದು ಹದೀಸ್ ಇದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರು ಎಂಬುದು ಅದರ ಸಾರ. ಇದನ್ನು ಹೇಳಿ ನಾವು ಬಹಳ ಹೆಮ್ಮೆಪಡುತ್ತೇವೆ. ಆದರೆ ಪಾಲುದಾರಿಕೆ ಎಂದರೇನು? ಇಬ್ಬರು ಸೇರಿ ಅಂಗಡಿಯಿಟ್ಟರೆ ಒಬ್ಬ ಗಲ್ಲಾಪೆಟ್ಟಿಗೆಯಿಂದ ತೆಗೆಯುತ್ತಲೇ ಇದ್ದು, ಬಾಗಿಲು ತೆರೆಯಲು, ಕಸ ಗುಡಿಸಲು, ಲೆಕ್ಕ ಬರೆಯಲು ಬಾರದಿದ್ದರೆ ಅವನನ್ನು ಪಾಲುದಾರನೆನ್ನುತ್ತೇವೆಯೇ? ಎಲ್ಲರದೂ ಎಂದದ್ದು ಯಾರದೂ ಅಲ್ಲದ್ದಾಗಿ ಹಾಳಾಗುವುದು ಇಲ್ಲಿಯೇ. ನಮ್ಮ ಕೆರೆಗಳನ್ನೇ ನೋಡಿರಿ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಹಳೇ ಮೈಸೂರಿನ ಊರುಗಳಲ್ಲಿ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು, ಇಳಿಸುವವನು ಅವನೇ. ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವ ಹೊತ್ತು ನೀರು ಎಂಬುದು ಅವನಿಗೆ ಬಾಯಿಪಾಠ. ನೀರು ಕಡಿಮೆಯಿದ್ದ ವರ್ಷ ಊರಿನವರು ಕೂತು ಇಂತಿಷ್ಟೇ ಭೂಮಿಗೆ ನಾಟಿ ಎಂದು ತೀರ್ಮಾನಿಸುತ್ತಿದ್ದರು. ನೀರುಗಂಟಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಹೂಳೆತ್ತಿದ ಗೋಡು ಗಾಡಿಗಳಲ್ಲಿ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು.

ಆ ಕಾಲವನ್ನು ಸ್ವರ್ಗವೆಂದು ನಾನು ಹೇಳುತ್ತಿಲ್ಲ. ನೀರು ಹಾಯಿಸುತ್ತಿದ್ದ ನೀರುಗಂಟಿ ಅನೇಕ ಕಡೆ ದಲಿತನಾಗಿದ್ದ. ಎಲ್ಲರ ಗದ್ದೆಗೆ ನೀರು ಬಿಡುವ ಆ ಕೈ ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಪಾಲುದಾರಿಕೆ ಅಲ್ಲಿಯೂ ಅರೆಬರೆಯೇ ಆಗಿತ್ತು. ಆದರೂ ಅಲ್ಲೊಂದು ಅಳತೆಯಿತ್ತು, ಅಳತೆಯನ್ನು ಕಾಯುವ ಕಣ್ಣಿತ್ತು. ಬೋರ್‌ವೆಲ್ ಬಂದ ಮೇಲೆ ಪ್ರತಿಯೊಬ್ಬನೂ ತನ್ನ ತೂಬಿಗೆ ತಾನೇ ನೀರುಗಂಟಿಯಾದ. ಕೆರೆಗೆ ನೀರು ತರುವ ಕಾಲುವೆಗಳು ಒತ್ತುವರಿಯಾದವು, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಒಂದು ಬರಗಾಲದಲ್ಲಿ ನಾವು ಮಳೆಗಾಗಿ ನಮಾಝ್ ಮಾಡಲು ಹೋದದ್ದು ಅಂಥದೇ ಒಂದು ಕೆರೆಯಂಗಳಕ್ಕೆ. ಕೈಗಳನ್ನು ಮೇಲೆತ್ತಿ ಬೇಡಿದೆವು. ಅಲ್ಲಾಹನು ಮಳೆ ಕೊಟ್ಟಿದ್ದರೆ ಅದನ್ನು ಹಿಡಿದಿಡುವ ಜಾಗದಲ್ಲಿ ನಮ್ಮ ಚಪ್ಪಲಿಗಳ ಸುತ್ತ ಮುಳ್ಳುಗಳೇ ಇದ್ದವು.

ಹಾಗಾದರೆ ಈ ಕಾಲದಲ್ಲಿ ಅಳತೆಯನ್ನು ಗೊತ್ತುಪಡಿಸುವವರು ಯಾರು? ರಾಜಸ್ಥಾನದ ಆಲ್ವಾರ್ ಜಿಲ್ಲೆಯ ಒಂದು ಪುಟ್ಟ ನದಿಯ ಕಥೆ ಇದಕ್ಕೆ ಉತ್ತರದ ದಾರಿ ತೋರಿಸುತ್ತದೆ. ಅರ್ವರಿ ಎಂಬ ಈ ನದಿಯ ಉದ್ದ ಸುಮಾರು 45 ಕಿಲೋಮೀಟರ್. ಕಾಡು ಕಡಿದುಹೋಗಿ, ಜೋಹಡ್ ಎಂಬ ಹಳೆಯ ಮಣ್ಣೇರಿಯ ಕೊಳಗಳು ಹೂಳು ತುಂಬಿ, ನದಿ ಮಳೆಗಾಲದಲ್ಲಿ ಮಾತ್ರ ಹರಿಯುವಂತಾಗಿತ್ತು. 1985ರಲ್ಲಿ ತರುಣ್ ಭಾರತ್ ಸಂಘದ ರಾಜೇಂದ್ರ ಸಿಂಗ್ ಮತ್ತು ಅವರ ಜೊತೆಗಾರರು ಆ ಪ್ರದೇಶಕ್ಕೆ ಹೋದರು. ಊರಿನವರ ಜೊತೆ ಸೇರಿ ಗೋಪಾಲಪುರದಲ್ಲಿ ಜೋಹಡ್‌ಗಳ ಕೆಲಸಕ್ಕೆ ಕೈಹಾಕಿದರು. ಬಳಿಕ ಅರ್ವರಿಯ ಮೇಲ್ಭಾಗದ ಊರುಗಳಲ್ಲಿ ಒಂದೊಂದಾಗಿ ನೂರಾರು ಜೋಹಡ್, ಒಡ್ಡುಗಳು ಎದ್ದವು. ಹಳ್ಳಿಗರು ಶ್ರಮದಾನ ಮಾಡಿದರು. ನೀರು ನೆಲಕ್ಕಿಳಿಯಿತು, ಬಾವಿಗಳು ಏರಿದವು. 1990ರ ದಶಕದ ನಡುವಿನ ಹೊತ್ತಿಗೆ ನದಿ ವರ್ಷವಿಡೀ ಹರಿಯತೊಡಗಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಮುಂದಿನ ಭಾಗ. ನೀರು ಬಂದೊಡನೆ ಮೀನು ಬಂತು, ಮೀನಿನ ಹಿಂದೆ ಸರಕಾರದ ಗುತ್ತಿಗೆ ಬಂತು. ಒಣ ಮರಳಾಗಿದ್ದಾಗ ಯಾರಿಗೂ ಬೇಡವಾಗಿದ್ದ ನದಿಗೆ ಈಗ ಒಡೆಯನೊಬ್ಬ ಹುಟ್ಟಿಕೊಂಡ. ಹಳ್ಳಿಗರು ವಿರೋಧಿಸಿದರು, ಗುತ್ತಿಗೆ ರದ್ದಾಯಿತು. ಆದರೆ ಆ ಹೋರಾಟ ಅವರ ಮುಂದೆ ಇನ್ನೊಂದು ಪ್ರಶ್ನೆಯನ್ನು ತಂದಿಟ್ಟಿತು. ಗುತ್ತಿಗೆದಾರ ದೋಚಬಾರದು ಸರಿ, ನಾವೇ ದೋಚಿದರೆ? ಮೇಲಿನ ಊರು ಒಡ್ಡು ಕಟ್ಟಿದರೆ ಕೆಳಗಿನ ಊರಿಗೆ ಎಷ್ಟು ಉಳಿಯುತ್ತದೆ? ಹರ್ರಾದ ತೊರೆಯ ವ್ಯಾಜ್ಯವೇ ಇದು, ಇಲ್ಲಿ ತೋಟದ ಬದಲು ಊರುಗಳಿವೆ ಅಷ್ಟೇ. ಒಂದು ಊರು ಒಂದು ನದಿಯನ್ನು ಕಾಯಲಾರದು. 1999ರಲ್ಲಿ ಸುಮಾರು 70 ಗ್ರಾಮಗಳ ಪ್ರತಿನಿಧಿಗಳು ಸೇರಿ ಅರ್ವರಿ ಸಂಸತ್ತು ಎಂಬ ಸಭೆಯನ್ನು ಮಾಡಿಕೊಂಡರು. ಕಬ್ಬು, ಭತ್ತದಂತಹ ಹೆಚ್ಚು ನೀರು ಕುಡಿಯುವ ಬೆಳೆಗಳು ಬೇಡ ಎಂದು ತೀರ್ಮಾನಿಸಿದರು. ಈ ಸಂಸತ್ತಿಗೆ ಕಾನೂನಿನ ಬಲವಿಲ್ಲ, ಪೊಲೀಸರಿಲ್ಲ. ಇರುವುದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತು. ಕಬ್ಬು ಹಾಕಿದರೆ ಹಣ ಬರುತ್ತದೆಂದು ಗೊತ್ತಿದ್ದೂ ಹಾಕದೆ ಬಿಡುವುದು ಸಣ್ಣ ತ್ಯಾಗವಲ್ಲ.

ನಮ್ಮ ಇತಿಹಾಸದಲ್ಲಿಯೂ ಇದರ ಕುರುಹುಗಳಿವೆ. ಸ್ಪೇನಿನ ವೆಲೆನ್ಸಿಯಾ ನಗರದ ಚರ್ಚಿನ ಬಾಗಿಲಿನ ಹೊರಗೆ ಗುರುವಾರ ಮಧ್ಯಾಹ್ನ ನೀರಿನ ನ್ಯಾಯಾಲಯ ಸೇರುತ್ತದೆ. ಎಂಟು ಕಾಲುವೆಗಳ ರೈತರು ಆರಿಸಿದ ಪ್ರತಿನಿಧಿಗಳೇ ಅಲ್ಲಿ ನ್ಯಾಯಾಧೀಶರು. ವಿಚಾರಣೆ ಬಾಯಿಮಾತಿನಲ್ಲೇ ಮುಗಿಯುತ್ತದೆ. ಅರಬರ ಆಳ್ವಿಕೆಯ ಕಾಲದಿಂದ ಬಂದ ಪದ್ಧತಿ ಇದೆಂಬುದು ಅಲ್ಲಿಯ ಜನರ ನಂಬಿಕೆ. ಅವರು ಕಾಲುವೆಗೆ ಹೇಳುವ ಅಸೆಕಿಯಾ ಎಂಬ ಹೆಸರಂತೂ ಅರಬಿಯ ಸಾಕಿಯಾ ಎಂಬ ಪದವೇ. 1238ರಲ್ಲಿ ಆ ನಗರ ಮುಸ್ಲಿಮರ ಕೈತಪ್ಪಿತು, ಕಾಲುವೆಗಳ ಸರದಿ ತಪ್ಪಲಿಲ್ಲ. 2009ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಅಲ್‌ಹಂಬ್ರಾದ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳುತ್ತೇವೆ. ಸರದಿ ಪಾಲಿಸುವುದನ್ನು ಅಲ್ಲಿಯ ರೈತರು ಉಳಿಸಿಕೊಂಡಿದ್ದಾರೆ.

ಮಸೀದಿಯ ವಿಷಯಕ್ಕೆ ಮರಳುತ್ತೇನೆ. ಜುಮಾದ ನಂತರ ಜಮಾಅತಿನ ಸಭೆಯಲ್ಲಿ ಆ ಹಿರಿಯರ ಮಾತನ್ನು ಹಾಗೆಯೇ ಮುಂದಿಟ್ಟೆ. ಕೆಲವರಿಗೆ ಸಿಟ್ಟು ಬಂತು. ಅವರ ಬಾವಿ ನಮ್ಮ ಬೋರ್‌ನಿಂದಲೇ ಬತ್ತಿತೆಂಬುದಕ್ಕೆ ಪುರಾವೆ ಏನು ಎಂದರು. ಪುರಾವೆ ನನ್ನಲ್ಲಿರಲಿಲ್ಲ. ಸುತ್ತಮುತ್ತ ಇನ್ನೂ ಹತ್ತಾರು ಬೋರ್‌ಗಳಿದ್ದದ್ದೂ ನಿಜ. “ಹಜರತ್, ಫತ್ವಾ ಏನು ಹೇಳುತ್ತದೆ ಅದನ್ನು ಹೇಳಿ” ಎಂದು ಒಬ್ಬರು ಕೇಳಿದರು. ಫತ್ವಾ ನಿಮ್ಮ ಪರವಾಗಿಯೇ ಇದೆ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಮುತವಲ್ಲಿಯವರು, ತಾವೂ ಕೃಷಿಕರು, ನೆಲ ನೋಡುತ್ತಾ ಹೇಳಿದರು: “ಫತ್ವಾ ಪರವಾಗಿದ್ದರೆ ಅಸರ್ ನಮಾಝಿಗೆ ಬರುವಾಗ ಆ ಮನುಷ್ಯನ ಹೊಲದ ಬದುವಿನ ಮೇಲೆ ನಡೆಯಲು ನನಗೆ ಯಾಕೆ ನಾಚಿಕೆಯಾಗುತ್ತದೆ?”

ಅಂದು ಮೂರು ತೀರ್ಮಾನಗಳಾದವು. ಹೌಝಿನ ಹೊರಗೆ ಸದಾ ತೆರೆದಿರುತ್ತಿದ್ದ ನಲ್ಲಿಗಳನ್ನು ಬದಲಿಸುವುದು. ವುಝೂ ನೀರನ್ನು ಮೋರಿಗೆ ಬಿಡದೆ ಇಂಗುಗುಂಡಿಗೆ ತಿರುಗಿಸುವುದು. ಹಿಂಗೋಡೆಯ ಆಚೆ ದನಗಳಿಗೆ ಒಂದು ತೊಟ್ಟಿ ಕಟ್ಟಿ, ಮಸೀದಿಯ ಟ್ಯಾಂಕಿಗೆ ಮೊದಲು ಅದನ್ನು ತುಂಬುವುದು. ಮೊದಲು ಎಂಬ ಪದದ ಮೇಲೆ ಬಹಳ ಚರ್ಚೆಯಾಯಿತು, ಕೊನೆಗೆ ಅದು ಉಳಿಯಿತು. ತೆರೆದ ಬಾವಿಗೆ ನೀರು ಮರಳಲಿಲ್ಲ. ಕೆರೆಯ ಹೂಳೆತ್ತುವ ವಿಷಯ ಬಂದಾಗ ಊರಿನ ಎಲ್ಲ ಕೇರಿಯವರನ್ನೂ ಕರೆಯದೆ ಅದಾಗದು ಎಂದು ಮುತವಲ್ಲಿಯವರೇ ಹೇಳಿದರು. ಮರುವಾರದ ಸಭೆ ಮಸೀದಿಯಲ್ಲಿ ನಡೆಯಲಿಲ್ಲ, ಕೆರೆ ಏರಿಯ ಮೇಲಿನ ಬೇವಿನ ಮರದಡಿ ನಡೆಯಿತು. ಆ ಹಿರಿಯ ರೈತರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.